ಬೆಳಗಾಗದ ತೋಟ

ಸೊಸೆ ರಾಣಿ ತಟ್ಟೆಯ ಪಕ್ಕದಲ್ಲಿ ಒಂದು ಚಮಚ ಇಟ್ಟಳು. ಅಷ್ಟೇ ಸಾಕಾಯಿತು.

"ಯಾರಿಗವ್ವ ಇದು?" ಎಂದರು ಪುಟ್ಟಮಲ್ಲಪ್ಪ.

"ನಿಮ್ಗೇ ಮಾವಯ್ಯ. ಎಡಗೈಲಿ ಇಡ್ಕಂಡು ತಿನ್ಬೋದು. ಉಪ್ಪಿಟ್ಟು ತಾನೆ."

"ಚಮಚದಾಗೆ ತಿನ್ನೋಕೆ ನಾನೇನು ಕೂಸಾ?"

ತಟ್ಟೆಯನ್ನು ಅತ್ತ ತಳ್ಳಿ ಗೋಡೆಯ ಕಡೆ ತಿರುಗಿ ಕೂತರು. ಎಡಗೈ ಲಿಂಗ ಕೂರುವ ಕೈ. ದಿನಾ ಬೆಳಿಗ್ಗೆ ಆ ಅಂಗೈಯಲ್ಲಿ ಲಿಂಗವಿಟ್ಟು ಪೂಜೆ ಮಾಡುವ ಮನುಷ್ಯ ಅದೇ ಕೈಯಲ್ಲಿ ಉಂಡಾನೇ? ಉಣ್ಣುವ ಬಲಗೈ ಮಾತು ಕೇಳುತ್ತಿರಲಿಲ್ಲ. ಉಳಿದದ್ದು ಹೆಂಡತಿ ಸುನಂದಮ್ಮನ ಕೈ. ಅವರು ಕಲಸಿ ತುತ್ತು ಎತ್ತಬೇಕು, ಇವರು ಬಾಗಿಲಲ್ಲಿ ಯಾರಾದರೂ ಬಂದರೇ ಎಂದು ಒಂದು ಸಲ ನೋಡಿ ಬಾಯಿ ತೆರೆಯಬೇಕು. ಮನೆಯಲ್ಲಿ ಮೂರು ಹೊತ್ತೂ ಇದೇ ನಡೆದಿತ್ತು.

ಕಾರ್ತೀಕ ಮಾಸದಲ್ಲಿ, ವೀಳ್ಯದ ಎಲೆತೋಟದಲ್ಲಿ ಅಂಬಿಗೆ, ಅಂದರೆ ಎಲೆಬಳ್ಳಿಗೆ, ಬಾಳೆನಾರು ಕಟ್ಟುತ್ತಿದ್ದಾಗ ಅವರಿಗೆ ಲಕ್ವ ಹೊಡೆದಿತ್ತು. ಮೈಸೂರಿನ ಆಸ್ಪತ್ರೆಯಿಂದ ಬರುವಷ್ಟರಲ್ಲಿ ಸೊಟ್ಟಗಾದ ಬಾಯಿ ನೆಟ್ಟಗಾಯಿತು, ಕಾಲು ಎಳೆಯುತ್ತಲಾದರೂ ನಡೆಯಿತು. ಬಲಗೈ ಮಾತ್ರ ಹೆಗಲಿನಿಂದ ಜೋತುಬಿದ್ದಿತ್ತು. ಕೃಷ್ಣರಾಜನಗರದ ಸಂತೆಯಲ್ಲಿ ಮಾವಿನಕೊಪ್ಪಲಿನ ಪುಟ್ಟಮಲ್ಲಪ್ಪನ ಎಲೆ ಅಂದರೆ ಕಟ್ಟು ಬಿಚ್ಚಿ ನೋಡದೆ ಕೊಳ್ಳುತ್ತಿದ್ದರು. ಹೆಬ್ಬೆರಳಿಗೆ ತಗಡಿನ ಉಗುರು ಸಿಕ್ಕಿಸಿಕೊಂಡು ಅವರು ಎಲೆ ಕಿತ್ತರೆ ಅಂಬಿಗೆ ಗೊತ್ತಾಗುತ್ತಿರಲಿಲ್ಲ ಎಂದು ಊರಿನವರು ಆಡಿಕೊಳ್ಳುತ್ತಿದ್ದರು. ಆ ಉಗುರು ಈಗ ದೇವರ ಗೂಡಿನಲ್ಲಿ ವಿಭೂತಿಗಟ್ಟಿಯ ಪಕ್ಕದಲ್ಲಿ ಸುಮ್ಮನೆ ಬಿದ್ದಿತ್ತು.

ಮಗ ಬಸವರಾಜು ಕೆಟ್ಟವನಲ್ಲ. ನಾಲೆಯ ಕೆಳಗಿನ ಗದ್ದೆ, ಎರಡು ಹಸು, ಅದರ ಮೇಲೆ ಎಲೆತೋಟ. ಒಂದು ಜೀವ ಎಷ್ಟು ಕಡೆ ಓಡೀತು? ಕೂಲಿಯವರು ಕಿತ್ತ ಎಲೆ ತೊಟ್ಟಿನ ಹತ್ತಿರ ಹರಿದಿರುತ್ತಿತ್ತು. ಸಂತೆಯವರು ಕಟ್ಟು ಬಿಚ್ಚಿ ನೋಡತೊಡಗಿದರು. ಅಷ್ಟರಲ್ಲಿ ಕೇರಳದ ಜೋಸೆಫ್ ಬಂದ. ಸುತ್ತಿನ ತಾಲ್ಲೂಕುಗಳಲ್ಲೆಲ್ಲ ಜಮೀನು ಗುತ್ತಿಗೆಗೆ ಹಿಡಿದು ಶುಂಠಿ ಹಾಕುವವನು, ಮಾತು ಮೆದು. ತೋಟವನ್ನೂ ಪಕ್ಕದ ಹೊಲವನ್ನೂ ಸೇರಿಸಿ ಕೊಟ್ಟರೆ ತೆಗೆದುಕೊಳ್ಳುತ್ತೇನೆಂದ.

"ಅಂಬು ಕೀಳ್ಬೇಕಾ?" ಎಂದು ಸುನಂದಮ್ಮ ಕೇಳಿದರು.

"ಕೀಳ್ದೆ ಶುಂಠಿ ಎಲ್ಲಿ ಹಾಕೋದವ್ವ, ಅಟ್ಟದ ಮೇಲಾ?" ಎಂದ ಬಸವರಾಜು. ಆಮೇಲೆ ಅಪ್ಪನ ಮುಖ ನೋಡಿ ದನಿ ಇಳಿಸಿದ. "ನಾನೇನು ಇವತ್ತೇ ಅನ್ಲಿಲ್ಲಪ್ಪ. ಯುಗಾದಿ ಒಳ್ಗೆ ನಿನ್ ಕೈ ಬಂದು, ನೀನು ಒಂದು ಎಲೆ ಕಿತ್ತು ತೋರ್ಸು. ತೋಟದ ಸುದ್ದಿ ಎತ್ತಕ್ಕಿಲ್ಲ. ಬರ್ಲಿಲ್ಲ ಅಂದ್ರೆ ನೀನೂ ಬ್ಯಾಡ ಅನ್ಬಾರ್ದು."

ಪುಟ್ಟಮಲ್ಲಪ್ಪ ಜೋತುಬಿದ್ದ ಕೈಯನ್ನು ಎಡಗೈಯಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡರು. "ಆಗ್ಲಿ ಮಗ" ಎಂದರು.

ಕನ್ನಡಕದ ಸುದ್ದಿ ತಂದವಳು ರಾಣಿ. ಅದು 2009ರ ಸಂಕ್ರಾಂತಿ ಕಳೆದ ವಾರ. ಕೆ.ಆರ್. ನಗರದಲ್ಲಿ ಔಷಧಿ ಅಂಗಡಿಯ ಮೇಲಿನ ಕೋಣೆಗೆ ಮೈಸೂರಿನಿಂದ ಒಬ್ಬ ಹುಡುಗಿ ಮಂಗಳವಾರ, ಶುಕ್ರವಾರ ಬರುತ್ತಾಳೆ. ಲಕ್ವ ಹೊಡೆದವರ ಕೈಗೆ ವ್ಯಾಯಾಮ ಮಾಡಿಸುತ್ತಾಳೆ. ಕಣ್ಣಿಗೆ ಒಂದು ದೊಡ್ಡ ಕನ್ನಡಕ ಕಟ್ಟಿದರೆ ಬೇರೆ ಯಾವುದೋ ಲೋಕ ಕಾಣುತ್ತದಂತೆ. ಇಲ್ಲಿ ಕೈ ಬೆರಳಷ್ಟು ಅಲುಗಿದರೆ ಅಲ್ಲಿ ಮಾರುದ್ದ ಏಳುತ್ತದಂತೆ. ಪ್ರಯೋಗಕ್ಕೆ ಮಾಡುತ್ತಿರುವುದರಿಂದ ಕಾಸು ಕೇಳುವುದಿಲ್ಲವಂತೆ.

"ಯಾರು ಕರ್ಕೊಂಡೋಗೋರು? ನಂಗೆ ಬಸ್ಸಂದ್ರೆ ವಾಂತಿ" ಎಂದರು ಸುನಂದಮ್ಮ.

"ನಾನು ಓಗ್ತೀನಿ ಅತ್ತೆ."

"ಸೊಸೆಯಾದೋಳು ಮಾವನ ಕೈ ಇಡ್ಕಂಡು ಪ್ಯಾಟೇಲಿ ಓಡಾಡೋದಾ? ನೋಡ್ದೋರು ಏನಂದಾರು?"

"ಮಾವನ ಕೈ ಬಂತು ಅಂದಾರು" ಎಂದು ರಾಣಿ ಹಸುವಿಗೆ ಬೂಸಾ ಕಲಸಲು ಎದ್ದು ಹೋದಳು.

ಮದುವೆಯಾಗಿ ಬಂದಾಗಿನಿಂದ ಮಾವನ ಎದುರು ಸೆರಗು ಜಾರಲು ಬಿಟ್ಟವಳಲ್ಲ ಅವಳು. ಮೊದಲ ಸಲ ಬಸ್ಸು ಹತ್ತಿಸುವಾಗ ಅವರ ತೋಳು ಹಿಡಿದಳು. ಇಬ್ಬರೂ ಬೇರೆ ಬೇರೆ ದಿಕ್ಕಿಗೆ ನೋಡಿದರು. ಎರಡನೆಯ ವಾರಕ್ಕೆ ಹಾಗೆ ನೋಡುವುದು ಮರೆತುಹೋಯಿತು. ಕೆಲಸ ಎನ್ನುವುದು ಎಂಥ ನಾಚಿಕೆಯನ್ನೂ ಸವೆಸುತ್ತದೆ.

ಮೈಸೂರಿನ ಹುಡುಗಿಯ ಹೆಸರು ಕಾವ್ಯಾ. ಅವಳು ಪುಟ್ಟಮಲ್ಲಪ್ಪನವರ ಬಲಗೈಯನ್ನು ಮೇಜಿನ ಮೇಲಿಟ್ಟು, ಗವಸು ತೊಡಿಸಿ, ಕಪ್ಪು ಕನ್ನಡಕವನ್ನು ತಲೆಗೆ ಪಟ್ಟಿ ಎಳೆದು ಕಟ್ಟಿದಳು. ಅದರ ವೈರು ಲ್ಯಾಪ್‌ಟಾಪಿಗೆ ಹೋಗಿತ್ತು.

"ಏನು ಕಾಣ್ತಿದೆ ತಾತ?"

"ಚೆಂಡು. ಕೆಂಪಂದು, ಹಸ್ರುದು. ನೀರಿನ ಮೇಲೆ ತೇಲ್ದಂಗೆ ಬತ್ತಾವೆ." ಅವರ ದನಿ ತೀರ ಮೆಲ್ಲಗಿತ್ತು.

"ಅದನ್ನ ಮುಟ್ಟಿ."

ಮುಟ್ಟಿದರು. ಮೇಜಿನ ಮೇಲೆ ಕೈ ಕೂದಲೆಳೆಯಷ್ಟು ಸರಿದದ್ದನ್ನು ರಾಣಿ ಕಣ್ಣಾರೆ ನೋಡಿದಳು. ಬಸ್‌ಸ್ಟ್ಯಾಂಡಿನವರೆಗೂ ಕಣ್ಣೊರೆಸಿಕೊಳ್ಳುತ್ತ ನಡೆದಳು. ಅಂದು ರಾತ್ರಿ ಊಟದ ಹೊತ್ತಿನಲ್ಲಿ ಮನೆಯವರಿಗೆ ಪುಟ್ಟಮಲ್ಲಪ್ಪ ತಾವೇ ವರದಿ ಒಪ್ಪಿಸಿದರು. "ಅಲ್ಲಿ ಕೈಗೆ ಭಾರವೇ ಇಲ್ಲ ಕಣೆ. ಕನಸಿನಾಗೆ ನಡೀತೀವಲ್ಲ, ಅಂಗೆ."

"ಅಂಗಾದ್ರೆ ಅಲ್ಲೇ ಊಟಾನೂ ಮಾಡ್ಕಂಡು ಬನ್ನಿ" ಎಂದು ಸುನಂದಮ್ಮ ಅವರ ಬಾಯಿಗೆ ಮುದ್ದೆ ಇಟ್ಟರು.

ಮೂರನೆಯ ವಾರ ಕಾವ್ಯಾ ಚೆಂಡು ಬಿಟ್ಟು ತೋಟ ತೋರಿಸಿದಳು. ರೈತರಿಗೆ ಇಷ್ಟವಾಗುತ್ತದೆ, ಹಣ್ಣು ಕೀಳಬೇಕು, ಅದರಿಂದ ಹೆಗಲಿಗೂ ಬೆರಳಿಗೂ ಒಟ್ಟಿಗೆ ಕೆಲಸ ಎಂದಳು. ಕನ್ನಡಕ ಕಟ್ಟಿದ ಗಳಿಗೆಗೆ ಪುಟ್ಟಮಲ್ಲಪ್ಪ, "ತಡೀರವ್ವ, ಮೆಟ್ಟು" ಎಂದು ಕಾಲಿನಿಂದ ಚಪ್ಪಲಿ ಕಳಚಿ ಅತ್ತ ಸರಿಸಿದರು. ಎಲೆತೋಟಕ್ಕೆ ಮೆಟ್ಟು ಹಾಕಿಕೊಂಡು ಯಾರು ಹೋಗುತ್ತಾರೆ? ಆಮೇಲೆ ಕೈ ತೊಡೆಯ ಮೇಲಿಟ್ಟುಕೊಂಡು ಕೂತರು. ಕೂತೇ ಇದ್ದರು.

"ಹಣ್ಣು ಕಾಣ್ತಿದೆಯಾ ತಾತ?"

"ಕಾಣ್ತದವ್ವ. ಬಾಳ ಚೆನ್ನಾಗದೆ."

"ಕೀಳಿ ಮತ್ತೆ."

ಅವರು ನಕ್ಕರು. ಕೈ ಏಳಲಿಲ್ಲ. ಚೆಂಡಿಗೆ ಸರಿದ ಕೈ ಹಣ್ಣಿಗೆ ಒಂದಿಷ್ಟೂ ಸರಿಯಲಿಲ್ಲ. ಲ್ಯಾಪ್‌ಟಾಪಿನ ಪರದೆಯ ಮೂಲೆಯಲ್ಲಿ ಕಿತ್ತ ಹಣ್ಣಿನ ಲೆಕ್ಕ ಸೊನ್ನೆಯಾಗಿಯೇ ಉಳಿಯಿತು.

ಹೊರಗೆ ಬಂದು ಚಪ್ಪಲಿ ಮೆಟ್ಟಿಕೊಳ್ಳುತ್ತ ಅವರು, "ಶುಕ್ರವಾರ ಒಸಿ ಬೇಗ ಬರಾನ ಕಣವ್ವ" ಎಂದರು. ಶುಕ್ರವಾರ ಹತ್ತು ಗಂಟೆಯ ಬಸ್ಸಿನ ಬದಲು ಎಂಟರ ಬಸ್ಸಿಗೆ ಬಂದರು. ಸೊನ್ನೆ. "ಇನ್ನೂ ಬೇಗ ಬರ್ಬೇಕಾಗಿತ್ತು" ಎಂದು ಗೊಣಗಿದರು. ಮುಂದಿನ ವಾರ ಮೊದಲ ಬಸ್ಸಿಗೇ ಹೋಗೋಣ ಎಂದು ಹಟ ಹಿಡಿದರು. ಕಾವ್ಯಾ ಇನ್ನೂ ಮೈಸೂರಿನಿಂದ ಬಂದಿರಲಿಲ್ಲ. ಮಾವ ಸೊಸೆ ಔಷಧಿ ಅಂಗಡಿಯ ಮುಚ್ಚಿದ ಬಾಗಿಲ ಮುಂದೆ ಚಳಿಯಲ್ಲಿ ಕೂತು ಬನ್ನು ತಿಂದರು. ರಾಣಿಯೇ ಮುರಿದು ಅವರ ಬಾಯಿಗಿಟ್ಟಳು. ರಸ್ತೆಯಲ್ಲಿ ಹಾಲಿನವನು ನೋಡಿದ. ನೋಡಿದರೆ ನೋಡಲಿ ಎಂದುಕೊಂಡಳು. ಅವತ್ತೂ ಸೊನ್ನೆಯೇ.

ಮನೆಯಲ್ಲಿ ಬಸವರಾಜು ಸಿಡಿದ. "ಮೊದ್ಲ ಬಸ್ಸಂತೆ! ಹಾಲು ಕರ್ಯೋರು ಯಾರು? ನಾನು. ಒಲೆ ಅಚ್ಚೋರು ಯಾರು? ಅವ್ವ. ಅಲ್ಲಿ ಓಗಿ ಇವ್ರು ಮಾಡೋದೇನು?"

"ತೋಟದಾಗೆ ಕುಂತಿರ್ತೀನಿ" ಎಂದರು ಪುಟ್ಟಮಲ್ಲಪ್ಪ. "ಏನ್ ತೋಟ ಅಂತೀಯ. ಎಲೆ ಅಳ್ಳಾಡ್ತದೆ, ಗಾಳಿ ಮೈಗೆ ತಾಕಕ್ಕಿಲ್ಲ. ಬೇಲಿ ಇಲ್ಲ. ದೂರದಾಗೆ ಒಂದು ಕೆರೆ. ನೋಡ್ತಾ ಇದ್ರೆ ಹೊತ್ತೇ ಓಗಕ್ಕಿಲ್ಲ."

ತಂದೆ ಮಾತಾಡುತ್ತಿದ್ದ ರೀತಿ ನೋಡಿ ಬಸವರಾಜುವಿಗೆ ಹೆದರಿಕೆಯಾಯಿತು. ಹೆಂಡತಿಯನ್ನು ಕೊಟ್ಟಿಗೆಗೆ ಕರೆದು ಕೇಳಿದ. "ಅಪ್ಪನ ತಲೆ ನೆಟ್ಟಗದಾ? ಇಲ್ಲಿರೋ ತೋಟ ಕಳ್ಕಳೋ ಹೊತ್ನಾಗೆ ಇಲ್ದಿರೋ ತೋಟದ ಕತೆ ಯೋಳ್ತಾ ಕುಂತವ್ನೆ."

"ಇನ್ನೊಂದು ವಾರ ನೋಡಾನ" ಎಂದಳು ರಾಣಿ. ಅವಳಿಗೂ ಧೈರ್ಯವಿರಲಿಲ್ಲ.

ಶಿವರಾತ್ರಿ ಮುಗಿದ ಮೊದಲ ಮಂಗಳವಾರ ಕಾವ್ಯಾ ರಾಣಿಯನ್ನು ಪಕ್ಕಕ್ಕೆ ಕರೆದಳು. "ತಪ್ಪು ತಿಳ್ಕೋಬೇಡಿ ಅಕ್ಕ. ಬೇರೆಯವರು ಕಾಯ್ತಿದ್ದಾರೆ. ತಾತ ಪ್ರಯತ್ನಾನೇ ಮಾಡ್ತಿಲ್ಲ. ಮನೇಲಿ ಬಟ್ಟೆ ಹಿಂಡೋದು, ಕೈ ಎತ್ತೋದು ಮಾಡಿಸ್ತಾ ಇರಿ. ಶುಕ್ರವಾರ ಕೊನೆ ಸಲ ನೋಡಿ ನಿಲ್ಲಿಸೋಣ."

ರಾಣಿಗೆ ಅದು ಅರ್ಥವಾಗಲಿಲ್ಲ. ಮನೆಯಲ್ಲಿ ದಿನಾ ಬೆಳಿಗ್ಗೆ ಒದ್ದೆ ಟವಲು ಹಿಡಿಸಿ ಹಿಂಡಿಸುತ್ತಿದ್ದಳು. ಬೆರಳು ಮಡಚುತ್ತಿದ್ದವು, ಹಿಡಿತ ಬರುತ್ತಿತ್ತು. ಹಾಗಿದ್ದೂ ಆ ತೋಟದಲ್ಲಿ ಮಾತ್ರ ಏಕೆ ಏಳುವುದಿಲ್ಲ? "ಮೇಡಮ್, ಒಂದ್ಸಲ ನಂಗೆ ಕಟ್ಟಿ. ಮಾವಯ್ಯ ಏನ್ ನೋಡ್ತಾರೆ ನೋಡ್ತೀನಿ" ಎಂದಳು.

ಕಾವ್ಯಾ ಕಟ್ಟಿದಳು. ಕೋಣೆ ಮಾಯವಾಯಿತು. ಸುತ್ತ ಸಾಲು ಸಾಲು ಮರ, ಒಂದೊಂದರಲ್ಲೂ ಕಿತ್ತಳೆಯಂಥ ಹಣ್ಣು. ಆಚೆ ಕೆರೆ. ಅದರ ಮೇಲೆ ಆಕಾಶವೆಲ್ಲ ಕೆಂಪು ನೇರಳೆ ಬೆರೆತು ಕವಿದಿತ್ತು. ಸೂರ್ಯ ಆಗತಾನೆ ಮುಳುಗಿ ಬೆಳಕು ಮಾತ್ರ ಉಳಿದ ಹೊತ್ತು. ಎಷ್ಟು ಚೆಂದವೆಂದರೆ ಅವಳು ಬಸ್ಸು, ಹಾಲು, ಯುಗಾದಿ ಎಲ್ಲ ಮರೆತು ನಿಂತಳು. "ಹಣ್ಣು ಕೀಳಿ ಅಕ್ಕ" ಎಂದು ಎಲ್ಲಿಂದಲೋ ಕಾವ್ಯಾಳ ದನಿ ಬಂತು. ರಾಣಿ ಕೈ ಎತ್ತಿದಳು. ಹಣ್ಣಿನ ಹತ್ತಿರ ಹೋದ ಕೈಯನ್ನು ಬೆಂಕಿ ತಾಗಿದವಳಂತೆ ಹಿಂದಕ್ಕೆಳೆದುಕೊಂಡಳು.

"ಅಯ್ಯೋ ಶಿವನೇ! ದೀಪ ಅಚ್ಚೋ ಹೊತ್ತು."

ಕನ್ನಡಕ ಕಿತ್ತು ಮಾವನ ಕಡೆ ತಿರುಗಿದಳು. "ಮಾವಯ್ಯ, ಇದಕ್ಕಾ ನೀವು ಕೀಳ್ದೆ ಕುಂತಿದ್ದು?"

"ಇನ್ಯಾತಕ್ಕವ್ವ?" ಪುಟ್ಟಮಲ್ಲಪ್ಪನವರಿಗೇ ಆಶ್ಚರ್ಯವಾಯಿತು. "ಹೊತ್ತು ಮುಳುಗಿದ್ ಮೇಲೆ ಗಿಡ ಮಲಗ್ತವೆ. ಮಲಗಿರೋ ಗಿಡಕ್ಕೆ ಯಾರಾದ್ರೂ ಕೈ ಹಾಕ್ತಾರಾ? ಬೆಳಗಾಗ್ಲಿ ಅಂತ ಕುಂತಿದ್ದೆ. ಎಷ್ಟು ಬೇಗ ಬಂದ್ರೂ ಆಗ್ತಾನೇ ಇಲ್ಲ."

ಗೊತ್ತಿರುವ ಮಾತನ್ನು ಬಾಯಿಬಿಟ್ಟು ಹೇಳಬೇಕೆಂದು ಅವರಿಗೆ ಹೊಳೆದಿರಲಿಲ್ಲ. ಕಾವ್ಯಾ ನಕ್ಕಳು, ಆಮೇಲೆ ಅವರ ಪಕ್ಕಕ್ಕೆ ಕುರ್ಚಿ ಎಳೆದುಕೊಂಡಳು. "ಅಲ್ಲಿ ಬೆಳಗಾಗಲ್ಲ ತಾತ. ಮಾಡಿದೋರು ಹಾಗೇ ಮಾಡಿದ್ದಾರೆ. ಬದಲಾಯ್ಸೋಕೆ ನಂಗೆ ಬರಲ್ಲ."

"ಯಾವತ್ತೂ ಆಗಕ್ಕಿಲ್ವಾ?"

"ಇಲ್ಲ ತಾತ."

"ಅಯ್ಯೋ ಪಾಪ" ಎಂದರು ಪುಟ್ಟಮಲ್ಲಪ್ಪ. ಆ ತೋಟದ ಮೇಲಿನ ಕನಿಕರ ದಾರಿಯುದ್ದಕ್ಕೂ ಅವರ ಮುಖದಲ್ಲಿತ್ತು.

ರಾಣಿ ಅಡುಗೆಮನೆಯಲ್ಲಿ ಅವರೆಕಾಳು ಹಿಸುಕುತ್ತ ಅತ್ತೆಗೆ ಎಲ್ಲ ಹೇಳಿದಳು. ಮಾವ ಹಜಾರದಲ್ಲಿ ಕಂಬಕ್ಕೆ ಒರಗಿದ್ದರು. ಸುನಂದಮ್ಮ ಕೇಳಿಸಿಕೊಂಡು, ಕೈಯಲ್ಲಿದ್ದ ಕಾಳು ಬಿಟ್ಟು ಹಜಾರಕ್ಕೆ ಬಂದರು.

"ಏನ್ರೀ, ರಮ್ಯಾ ಎಳೆಗೂಸಾಗಿದ್ದಾಗ ಹೊಟ್ಟೆನೋವು ಬಂದು ಕಿರುಚ್ಕಂಡಿದ್ದು ಗ್ಯಾಪ್ಕ ಇಲ್ವಾ? ಹೊಟ್ಟೆ ಮೇಲೆ ಬಿಸಿ ಮಾಡಿದ್ ಎಲೆ ಹಾಕ್ಬೇಕು, ಮನೇಲಿ ಒಂದೆಲೆ ಇರ್ಲಿಲ್ಲ. ಕತ್ಲಾಗಿತ್ತು. ಯಾರು ಓಗಿ ಕಿತ್ಕಂಡು ಬಂದೋರು?"

ರಮ್ಯಾ ರಾಣಿಯ ಮಗಳು. ಈಗ ಹುಣಸೂರಿನಲ್ಲಿ ತಾಯಿಯ ತವರಿನಲ್ಲಿದ್ದು ಹೈಸ್ಕೂಲು ಓದುತ್ತಿದ್ದಳು.

"ನಾನೇ" ಎಂದರು ಪುಟ್ಟಮಲ್ಲಪ್ಪ. "ಕೇಳಿ ಕಿತ್ತೆ. ಬುಡದ ಮಣ್ಣು ಮುಟ್ಟಿ, ಕೂಸಿಗೆ ಕಣವ್ವ, ಎಬ್ಬಿಸ್ದೆ ಅಂತ ಬೇಜಾರ್ ಮಾಡ್ಕೋಬ್ಯಾಡ ಅಂದೆ. ಕೂಸಿಗೆ, ಕಾಯಿಲೆಯೋರಿಗೆ ಅಂದ್ರೆ ಗಿಡ ಎದ್ದು ಕೊಡ್ತದೆ."

"ಅಲ್ಲೂ ಅಂಗೇ ಕೇಳಿ."

"ಯಾರಿಗೆ ಅಂತ ಕೇಳ್ಲೆ?"

"ನಿಮ್ಗೆ ಅಂತ!"

"ನಂಗೋಸ್ಕರ ನಾನೇ ಬೇಡೋದಾ?" ಅವರ ಮುಖ ಕೆಂಪಾಯಿತು. "ನಾನೇನು ಕೂಸಾ?"

"ಮೂರು ಹೊತ್ತೂ ನಾನು ಬಾಯಿಗಿಡ್ತೀನಿ. ಬಾಯಿ ಒರೆಸ್ತೀನಿ. ಕೂಸಲ್ದೆ ಇನ್ನೇನ್ರೀ ನೀವು?" ಸುನಂದಮ್ಮನ ದನಿ ಜೋರಾಯಿತು. "ಕಾಯಿಲೆ ಬಂದೋರು ಕಾಯಿಲೆ ಅಂತ ಅನ್ನೋಕೆ ಏನ್ ನಾಚಿಕೆ? ನಂಗೂ ಕೈ ಸೋತದೆ."

ಲಕ್ವ ಹೊಡೆದಾಗಿನಿಂದ ಆ ಮುದುಕಿ ಸೋತೆ ಎಂದಿರಲಿಲ್ಲ. ಪುಟ್ಟಮಲ್ಲಪ್ಪ ಹೆಂಡತಿಯ ಕೈಯನ್ನೇ ನೋಡುತ್ತ ಕೂತರು. ಅವರೆಯ ಸೊಗಡು ಮೆತ್ತಿದ ಆ ಕೈ ಕಂಬವನ್ನು ಆಸರೆಗೆ ಹಿಡಿದಿತ್ತು.

ಶುಕ್ರವಾರ ಅವರು ಬೇಗ ಹೋಗೋಣ ಎನ್ನಲಿಲ್ಲ. ಹತ್ತರ ಬಸ್ಸಿಗೆ ಹೋದರು. ಚಪ್ಪಲಿ ಬಿಟ್ಟು, ಕನ್ನಡಕ ಕಟ್ಟಿಸಿಕೊಂಡು ಕೂತರು. ಆಮೇಲೆ ಮುಂದಕ್ಕೆ ಬಾಗಿ ಎಡಗೈಯಿಂದ ನೆಲ ಮುಟ್ಟಿದರು. ಸಿಮೆಂಟಿನ ನೆಲ. ತುಟಿ ಅಲುಗಿತು.

"ಕಾಯಿಲೆಯೋನು ಕಣವ್ವ ನಾನು. ಎಬ್ಬಿಸ್ದೆ ಅಂತ ಬೇಜಾರ್ ಮಾಡ್ಕೋಬ್ಯಾಡ."

ಮೇಜಿನ ಮೇಲೆ ಬಲಗೈ ಮೆಲ್ಲಗೆ ಎದ್ದಿತು. ನಡುಗಿತು, ನಿಂತಿತು, ಮತ್ತೆ ಎದ್ದಿತು. ಬೆರಳು ಗಾಳಿಯಲ್ಲಿ ಏನನ್ನೋ ಹಿಡಿದು ತಿರುಚಿ ಬಿಡಿಸಿಕೊಂಡವು. ಪರದೆಯ ಮೂಲೆಯಲ್ಲಿ ಸೊನ್ನೆ ಹೋಗಿ ಒಂದು ಬಂತು. ಕಾವ್ಯಾ ಬಾಯಿಗೆ ಕೈ ಅಡ್ಡ ಹಿಡಿದಳು. ರಾಣಿ ಗೋಡೆಗೆ ಒರಗಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

ಆಮೇಲಿನ ವಾರಗಳಲ್ಲಿ ಅವರು ಪ್ರತಿ ಸಲವೂ ಕೇಳಿಯೇ ಕಿತ್ತರು, ಪ್ರತಿ ಮರಕ್ಕೂ ಬೇರೆ ಬೇರೆಯಾಗಿ. ಅದರಿಂದ ಹೊತ್ತು ಹಿಡಿಯುತ್ತಿತ್ತು. ಕಾವ್ಯಾ ಅವಸರ ಮಾಡಲಿಲ್ಲ. ಮನೆಯಲ್ಲಿ ಟವಲಿನ ನೀರು ತೊಟ್ಟಿಕ್ಕುವಷ್ಟು ಹಿಂಡತೊಡಗಿದರು, ಕೈ ಎದೆಯವರೆಗೆ ಬಂತು. "ತೋಟಕ್ಕೆ ಓಗಿ ಒಂದೆಲೆ ಕಿತ್ತು ನೋಡಿ ಮಾವಯ್ಯ" ಎಂದು ರಾಣಿ ಹೇಳಿದರೆ, "ಆ ಹೊತ್ತು ಬರ್ಲಿ" ಎನ್ನುತ್ತಿದ್ದರು. ನಿಜ ಹೇಳಬೇಕೆಂದರೆ ಅವರಿಗೆ ಭಯವಿತ್ತು. ಆ ತೋಟದ ಹಣ್ಣಿಗೆ ಭಾರವಿರಲಿಲ್ಲ. ಈ ತೋಟದ ಎಲೆ ಹರಿಯುತ್ತದೆ.

ಆ ಹೊತ್ತು ಬಂದದ್ದು ಯುಗಾದಿಗೆ ವಾರವಿರುವಾಗ, ಹೊತ್ತಲ್ಲದ ಹೊತ್ತಿನಲ್ಲಿ. ಮಧ್ಯಾಹ್ನ ಬರುತ್ತೇನೆಂದಿದ್ದ ಜೋಸೆಫ್ ಬೈಕು ಕೆಟ್ಟು, ರಾಣಿ ದೇವರ ಮುಂದೆ ದೀಪ ಹಚ್ಚಿದ ಮೇಲೆ ಬಂದ.

"ಅಣ್ಣ, ನಾಳೆ ಬೆಳಿಗ್ಗೆ ನಾನು ಪಿರಿಯಾಪಟ್ಟಣ ಹೋಗ್ಬೇಕು. ಅಲ್ಲಿ ಒಂದು ಜಾಗ ರೆಡಿ ಉಂಟು. ಇದು ಆಗ್ತದೋ ಇಲ್ವೋ, ಇವತ್ತೇ ಹೇಳಿ" ಎಂದ.

ಬಸವರಾಜು ತಂದೆಯ ಕಡೆ ನೋಡಿದ. ದೇವರ ಗೂಡಿನಿಂದ ತಗಡಿನ ಉಗುರು ತಂದು ಅವರ ಮುಂದಿಟ್ಟ. "ಅಪ್ಪ, ಬಾ. ಬ್ಯಾಟ್ರಿ ತತ್ತೀನಿ. ಒಂದೆಲೆ ಕಿತ್ತು ತೋರ್ಸ್ಬುಡು, ಮುಗೀತು."

"ಈಗ್ಲಾ? ದೀಪ ಅಚ್ಚಾಯ್ತಲ್ಲೋ."

"ಒಂದೇ ಒಂದು ಎಲೆ."

"ಬೆಳಗಾಗ್ಲಿ."

"ಬೆಳಿಗ್ಗೆ ಅವ್ರು ಇರಕ್ಕಿಲ್ಲ!" ಬಸವರಾಜು ತಲೆ ಚಚ್ಚಿಕೊಂಡ. "ಆ ಕನ್ನಡಕದಾಗೆ ಕೇಳಿ ಕಿತ್ಯಂತಲ್ಲ, ಇಲ್ಲೂ ಅಂಗೇ ಕೇಳು. ತೋಟ ಉಳೀಬೇಕು ಅಂತ ನಿಂಗೇ ಇಲ್ವಾ?"

ಒಂದು ಎಲೆ. ಕೇಳಿಬಿಡಿ ಮಾವಯ್ಯ ಎಂದು ಬಾಯಿಗೆ ಬಂದದ್ದನ್ನು ರಾಣಿ ನುಂಗಿದಳು.

ಪುಟ್ಟಮಲ್ಲಪ್ಪ ಉಗುರನ್ನು ಮಗನ ಕಡೆ ಸರಿಸಿದರು. "ಆವತ್ತು ಕಾಯಿಲೆ ಇತ್ತು, ಕೇಳ್ದೆ. ಈಗ ನಾನು ಕಾಯಿಲೆಯೋನಲ್ಲ. ನಿನ್ ಕರಾರಿಗೆ, ನನ್ ಹಟಕ್ಕೆ ಮಲಗಿರೋ ಅಂಬನ್ನ ಎಬ್ಬಿಸೋದಾ? ತೋಟ ಓದ್ರೆ ಓಗ್ಲಿ ಮಗ. ಸುಳ್ಳು ಯೋಳಿ ಉಳಿಸ್ಕಳೋ ತೋಟದಾಗೆ ನಾನು ಬೆಳಿಗ್ಗೆ ಯಾವ ಮುಖ ಇಟ್ಕಂಡು ಓಗ್ಲಿ?"

ಬಂದವನಿಗೆ ಊಟ ಹಾಕದೆ ಕಳಿಸುವ ಮನೆಯಲ್ಲ ಅದು. ಸುನಂದಮ್ಮ ಎಲ್ಲರಿಗೂ ತಟ್ಟೆ ಇಟ್ಟರು. ಮುದ್ದೆ, ಬಸ್ಸಾರು. ಜೋಸೆಫ್ ಮುದ್ದೆಯನ್ನು ಅಗಿಯುತ್ತ ಒದ್ದಾಡುತ್ತಿದ್ದ. ಸುನಂದಮ್ಮ ಎಂದಿನಂತೆ ಗಂಡನ ಪಕ್ಕ ಕೂತು ತಟ್ಟೆಗೆ ಕೈ ಹಾಕಿದರು.

"ಬುಡು" ಎಂದರು ಪುಟ್ಟಮಲ್ಲಪ್ಪ.

ಕಾಯಿಲೆಯವನಲ್ಲ ಎಂದು ಈಗಷ್ಟೇ ಅಂದ ಬಾಯಿ. ಅದನ್ನೇ ತೆರೆದು ಹೆಂಡತಿಯ ತುತ್ತಿಗೆ ಹೇಗೆ ಒಡ್ಡುವುದು? ಬಲಗೈ ತೊಡೆಯಿಂದ ಎದ್ದಿತು. ತಟ್ಟೆಯ ಅಂಚಿಗೆ ಬಡಿದು ನಿಂತಿತು. ಬೆರಳು ಮುದ್ದೆಯೊಳಗೆ ಇಳಿದು ಒಂದು ತುಂಡು ಮುರಿದವು, ಸಾರಿನಲ್ಲಿ ಅದ್ದಿದವು. ಅರ್ಧ ದಾರಿಯಲ್ಲಿ ತುತ್ತು ಜಾರಿ ಪಂಚೆಯ ಮೇಲೆ ಬಿತ್ತು. ಸುನಂದಮ್ಮನ ಕೈ ಮುಂದೆ ಬಂದು, ಹಾಗೆಯೇ ಹಿಂದೆ ಹೋಯಿತು. ಪುಟ್ಟಮಲ್ಲಪ್ಪ ಇನ್ನೊಂದು ತುಂಡು ಮುರಿದರು. ಕೈ ನಡುಗುತ್ತ ಎದೆ ದಾಟಿತು, ಗದ್ದ ದಾಟಿತು. ತುತ್ತು ಬಾಯಿ ಸೇರಿತು. ಮೀಸೆಗೆ ಸಾರು ಮೆತ್ತಿತು. ಜೋಸೆಫ್ ಅಗಿಯುವುದು ನಿಲ್ಲಿಸಿದ್ದ.

ಬಸವರಾಜು ಅಪ್ಪನ ತಟ್ಟೆಗೆ ಇನ್ನಷ್ಟು ಸಾರು ಬಿಟ್ಟ. "ಜೋಸೆಫಣ್ಣ, ನೀವು ಪಿರಿಯಾಪಟ್ಟಣದ ಜಾಗಾನೇ ನೋಡ್ಕಳಿ" ಎಂದ.

"ಇನ್ನೂ ಎಲೆ ಕಿತ್ತಿಲ್ವಲ್ಲ ಮಗ" ಎಂದರು ಪುಟ್ಟಮಲ್ಲಪ್ಪ.

"ಉಣ್ಣಪ್ಪ ನೀನು. ತಣ್ಣಗಾಯ್ತದೆ."

ಊಟ ಮುಗಿಯಲು ಬಹಳ ಹೊತ್ತು ಹಿಡಿಯಿತು. ಯಾರೂ ಏಳಲಿಲ್ಲ. ಕೊನೆಗೆ ಅವರು ಕೈ ತೊಳೆಯುತ್ತ ಸೊಸೆಗೆ ಹೇಳಿದರು, "ಬೆಳಿಗ್ಗೆ ಒಸಿ ಬೇಗ ಎಬ್ಬಿಸವ್ವ."

ಬೆಳಗಾಯಿತು. ತೋಟದ ಬದುವಿನ ಮೇಲೆ ಇಬ್ಬರ ಚಪ್ಪಲಿ. ಅಗಸೆ ಮರಗಳ ನಡುವೆ ಬಿಸಿಲು ಇಳಿದು ಅಂಬಿನ ತುದಿಯ ಇಬ್ಬನಿ ಹೊಳೆಯುತ್ತಿತ್ತು. ಬಸವರಾಜು ಉಗುರನ್ನು ಅಪ್ಪನ ಹೆಬ್ಬೆರಳಿಗೆ ತೊಡಿಸಿದ. ಪುಟ್ಟಮಲ್ಲಪ್ಪ ಕೈ ಎತ್ತಿದರು. ಇಲ್ಲಿ ಕೈಗೆ ಭಾರವಿತ್ತು, ಗಾಳಿ ಮೈಗೆ ತಾಕುತ್ತಿತ್ತು. ಎಲೆ ಬಂತು, ತೊಟ್ಟಿನ ಹತ್ತಿರ ಹರಿದುಕೊಂಡು.

ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. "ಕೂಲಿಯೋರು ಕಿತ್ತಂಗಾಯ್ತಲ್ಲೋ."

ಹರಿದ ಎಲೆಯನ್ನು ಬಸವರಾಜು ಇಸಿದುಕೊಂಡು ಅವ್ವನಿಗೆಂದು ಜೇಬಿನಲ್ಲಿಟ್ಟುಕೊಂಡ. "ಕಲ್ತ್ಕತೀಯ ಬುಡಪ್ಪ" ಎಂದು ಇನ್ನೊಂದು ಅಂಬನ್ನು ಅವರ ಕೈಗೆಟಕುವಂತೆ ಬಗ್ಗಿಸಿ ಹಿಡಿದ.